ಗುಳಿಗೆಗೂ ಒಂದು ಲೆಕ್ಕ ಇರಲಿ

(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಸ್ವ-ಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಸಿಸ್ಟರ್ ಅವರು ಮಾತನಾಡಿದ್ದರ ಬರಹ ರೂಪ. ಓದಲು ಬಾರದ ಸದಸ್ಯೆಯರಿಗೆ ಸಂಘದ ವಾರದ ಸಭೆಯಲ್ಲಿ ಓದಿ ಹೇಳಿರಿ.)



ಇವತ್ತು ನಾನು ಸಾಲದ ಬಗ್ಗೆ, ಉಳಿತಾಯದ ಬಗ್ಗೆ ಮಾತಾಡೋದಿಲ್ಲ. ನಿಮ್ಮ ಮನೆಯ ಗೂಟಕ್ಕೆ ತೂಗು ಹಾಕಿರುವ ಪ್ಲಾಸ್ಟಿಕ್ ಚೀಲದ ಬಗ್ಗೆ ಮಾತಾಡ್ತೀನಿ. ಯಾವ ಚೀಲ ಅಂತ ನಿಮಗೆ ಗೊತ್ತು. ದವಾಖಾನೆಯ ಚೀಟಿ, ರಕ್ತ ತಪಾಸಣೆಯ ಕಾಗದ, ಮಡಚಿ ಮಡಚಿ ಹರಿದ ಎಕ್ಸ್‌ರೇ ಕವರು, ಅರ್ಧ ನುಂಗಿ ಬಿಟ್ಟ ಗುಳಿಗೆಯ ಸ್ಟ್ರಿಪ್, ಎಲ್ಲ ಅದರಲ್ಲೇ. ಮನೆ ಭೇಟಿಗೆ ಹೋದಾಗ ನಾನು ಈ ಚೀಲ ನೋಡದ ಮನೆಯೇ ಇಲ್ಲ. ಅದರೊಳಗೆ ಏನೈತಿ ಅಂತ ಕೇಳಿದರೆ ಮಾತ್ರ ಹೇಳುವವರು ಕಡಿಮೆ.

2019ರ ಆಗಸ್ಟ್ ತಿಂಗಳ ಮಹಾಪೂರ ನಿಮಗೆ ನೆನಪಿದೆ. ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ತುಂಬಿ ಬಂದವು. ಈ ಐದೂ ತಾಲೂಕುಗಳ ಹೊಳೆದಂಡೆಯ ಊರುಗಳ ಜನ ಉಟ್ಟ ಬಟ್ಟೆಯ ಮೇಲೆ ಎದ್ದು ಬಂದರು. ಪರಿಹಾರ ಕೇಂದ್ರಗಳಲ್ಲಿ ನಾವು ಹಾಸಿಗೆ, ಪಾತ್ರೆ ಹಂಚುತ್ತಿದ್ದೆವು. ಆಗ ವಯಸ್ಸಾದ ತಾಯಂದಿರು ನನ್ನ ಕೈ ಹಿಡಿದು ಕೇಳಿದ್ದು ಪಾತ್ರೆ ಅಲ್ಲ. "ಸಿಸ್ಟರ್, ನನ್ನ ಬಿಪಿ ಗುಳಿಗಿ ಹೊಳ್ಯಾಗ ಹ್ವಾದುವ್ರೀ, ಎಲ್ಲರ ಸಿಗತಾವೇನ್ರಿ?" ಅಂದರು. ಶಿಬಿರಕ್ಕೆ ಬಂದ ಡಾಕ್ಟರು ಗುಳಿಗೆಯ ಹೆಸರು ಕೇಳಿದರೆ ಉತ್ತರ, "ಬಿಳೀದು ರೀ, ಸಣ್ಣದು." ಅಕ್ಕಾ, ಗುಳಿಗೆಯೊಳಗೆ ಹೆಚ್ಚಿನವು ಬಿಳಿಯೇ! ಡಾಕ್ಟರಾದರೂ ಏನು ಮಾಡಬೇಕು? ಮತ್ತೆ ಬಿಪಿ ನೋಡಿ, ಮತ್ತೆ ರಕ್ತ ನೋಡಿ, ಮೊದಲಿನಿಂದ ಶುರು ಮಾಡಬೇಕು. ಅಷ್ಟರೊಳಗೆ ನಾಲ್ಕು ದಿನ, ಎಂಟು ದಿನ ಗುಳಿಗೆ ಇಲ್ಲ. ಬಿಪಿ ಗುಳಿಗೆ ಒಮ್ಮೆಲೇ ನಿಂತರೆ ಲಕ್ವಾ ಹೊಡೆಯುವ ಅಪಾಯ ಇದೆ. 2021ರ ಜುಲೈಯಲ್ಲಿ ಮತ್ತೆ ನೀರು ಬಂದಾಗಲೂ ಇದೇ ಕಥೆ.

ಇದು ನಮ್ಮ ಊರಿನ ಕಥೆ ಅಷ್ಟೇ ಅಲ್ಲ. 2005ರಲ್ಲಿ ನಮ್ಮ ಕೃಷ್ಣೆ ಉಕ್ಕಿದ್ದಳಲ್ಲ, ಅದೇ ವರ್ಷ ಆಗಸ್ಟ್ ಕೊನೆಗೆ ಅಮೇರಿಕದ ನ್ಯೂ ಆರ್ಲಿಯನ್ಸ್ ಎಂಬ ಪಟ್ಟಣವನ್ನು ಕತ್ರೀನಾ ಚಂಡಮಾರುತ ಮುಳುಗಿಸಿತು. ಅಷ್ಟು ದೊಡ್ಡ ಶ್ರೀಮಂತ ದೇಶ. ಅಲ್ಲಿಯೂ ದವಾಖಾನೆಗಳ ಕಾಗದದ ಫೈಲು ನೀರು ಪಾಲಾದವು. ಬೇರೆ ಊರುಗಳಿಗೆ ಓಡಿಹೋದ ಜನರಿಗೆ ತಮ್ಮ ಔಷಧದ ಹೆಸರು ಹೇಳಲು ಬರಲಿಲ್ಲ. ಆದರೆ ಅಲ್ಲಿ ನಿವೃತ್ತ ಸೈನಿಕರ ದವಾಖಾನೆಗಳಲ್ಲಿ ಮೊದಲೇ ಕಂಪ್ಯೂಟರಿನಲ್ಲಿ ದಾಖಲೆ ಇಡುತ್ತಿದ್ದರು. ಅವರು ಯಾವ ಊರಿಗೆ ಹೋದರೂ ಅಲ್ಲಿನ ಸೈನಿಕರ ದವಾಖಾನೆಯ ಡಾಕ್ಟರು ಹಳೆಯ ಔಷಧ ಯಾವುದು ಎಂದು ತೆರೆದು ನೋಡಿ ಮುಂದುವರಿಸಿದರು. ಉಳಿದವರಿಗಾಗಿ ಔಷಧ ಅಂಗಡಿಗಳ ಕಂಪ್ಯೂಟರಿನಿಂದ ಮಾಹಿತಿ ಒಟ್ಟುಗೂಡಿಸಬೇಕಾಯಿತು. ಕಾಗದ ತೋಯುತ್ತದೆ, ಬೇರೆ ಊರಿನ ಕಂಪ್ಯೂಟರಿನಲ್ಲಿದ್ದ ಲೆಕ್ಕ ತೋಯುವುದಿಲ್ಲ. ಈ ಪಾಠ ಅಲ್ಲಿನವರಿಗೆ ಅವತ್ತು ತಿಳಿಯಿತು.

ಈಗ ನೀವು ಕೇಳಬಹುದು, "ಸಿಸ್ಟರ್, ಕಂಪ್ಯೂಟರ್ ಕಥಿ ನಮಗ್ಯಾಕ?" ನಿಮಗೆ ಇದು ಹೊಸದೇನಲ್ಲ. ಕೊರೋನಾ ಲಸಿಕೆ ನೆನಪು ಮಾಡಿಕೊಳ್ಳಿರಿ. 2021ರಲ್ಲಿ ಮೊದಲನೆಯ ಸೂಜಿ ಮಿರಜಿನಲ್ಲಿ, ಎರಡನೆಯದು ಅಥಣಿಯಲ್ಲಿ ಹಾಕಿಸಿಕೊಂಡರೂ ಒಂದೇ ಮೊಬೈಲ್ ನಂಬರು, ಒಂದೇ ಗುರುತಿನ ಕಾರ್ಡು ಕೊಟ್ಟವರಿಗೆ ಎರಡೂ ಒಂದೇ ಸರ್ಟಿಫಿಕೇಟಿನಲ್ಲಿ ಬಂದವು. ಕ್ಷಯರೋಗದವರ ದಾಖಲೆ 2012ರಿಂದ 'ನಿಕ್ಷಯ್' ಎಂಬ ದೇಶದ ಕಂಪ್ಯೂಟರ್ ವ್ಯವಸ್ಥೆಯಲ್ಲಿದೆ. ಕಬ್ಬು ಕಡಿಯಲು ಬೀಡ ಜಿಲ್ಲೆಯಿಂದ ನಮ್ಮ ಫ್ಯಾಕ್ಟರಿ ಕಡೆಗೆ ಬರುವ ಕುಟುಂಬದಲ್ಲಿ ಒಬ್ಬರಿಗೆ ಟಿ.ಬಿ. ಚಿಕಿತ್ಸೆ ನಡೆದಿದ್ದರೆ, ಅವರ ನಿಕ್ಷಯ್ ನಂಬರಿನ ಮೇಲೆ ದಾಖಲೆಯನ್ನು ಇಲ್ಲಿಗೆ ವರ್ಗ ಮಾಡಿಸಿ ಗುಳಿಗೆ ಮುಂದುವರಿಸಬಹುದು. ಇನ್ನು ತಾಯಿ ಕಾರ್ಡು! ತವರಿಗೆ ಬಾಣಂತನಕ್ಕೆ ಹೋಗುವಾಗ ಸೀರೆ ಮರೆತರೂ ತಾಯಿ ಕಾರ್ಡು ಮರೆಯೋದಿಲ್ಲ ನೀವು. ಹೊಟ್ಟೆಯ ಮಗುವಿಗೆ ಇಟ್ಟ ಲೆಕ್ಕವನ್ನು ನಿಮ್ಮ ಸ್ವಂತ ಬಿಪಿಗೆ, ಅತ್ತೆಯ ಶುಗರಿಗೆ ಯಾಕೆ ಇಡಬಾರದು?

ನಮ್ಮ ಗಡಿಭಾಗದ ಕಷ್ಟ ಬೇರೆಯವರಿಗೆ ಬೇಗ ಅರ್ಥ ಆಗೋದಿಲ್ಲ. ಕಾಗವಾಡದವರಿಗೆ, ಅಥಣಿಯವರಿಗೆ ದೊಡ್ಡ ದವಾಖಾನೆ ಅಂದರೆ ಮಿರಜು, ಸಾಂಗಲಿ. ನಿಪ್ಪಾಣಿಯವರಿಗೆ ಕೊಲ್ಹಾಪುರ. ಚಿಕ್ಕೋಡಿ, ರಾಯಬಾಗದವರು ಅರ್ಧ ಬೆಳಗಾವಿಗೆ, ಅರ್ಧ ಆ ಕಡೆಗೆ. 1894ರಲ್ಲಿ ಡಾಕ್ಟರ್ ವಾನ್‌ಲೆಸ್ ಅವರು ಮಿರಜಿನಲ್ಲಿ ಮಿಷನ್ ದವಾಖಾನೆ ತೆರೆದಂದಿನಿಂದ ನಮ್ಮ ಅಜ್ಜ-ಮುತ್ತಜ್ಜಂದಿರು ಅಲ್ಲಿಗೆ ಹೋಗುತ್ತ ಬಂದಿದ್ದಾರೆ. ಅದು ತಪ್ಪಲ್ಲ. ಆದರೆ ಊರಿನ ಸರಕಾರಿ ಕೇಂದ್ರದಲ್ಲಿ ಒಂದು ಗುಳಿಗೆ, ಗಡಿಯಾಚೆ ಇನ್ನೊಂದು ಗುಳಿಗೆ, ಒಬ್ಬರಿಗೊಬ್ಬರು ಬರೆದದ್ದು ಒಬ್ಬರಿಗೊಬ್ಬರಿಗೆ ಗೊತ್ತಿಲ್ಲ.

ಒಂದು ಘಟನೆ ಹೇಳ್ತೀನಿ. ಊರು, ಹೆಸರು ಬೇಡ. ನಮ್ಮದೇ ಒಂದು ಸಂಘದ ಸದಸ್ಯೆಯ ಅತ್ತೆ. ಶುಗರ್ ಇತ್ತು. ಊರಿನ ಕೇಂದ್ರದಿಂದ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಎಂಬ ಎರಡು ಗುಳಿಗೆ ಕೊಡುತ್ತಿದ್ದರು. ಮಗಳ ಊರಿಗೆ ಹೋದಾಗ ಅಲ್ಲಿಯ ಡಾಕ್ಟರು ಶುಗರ್ ಜಾಸ್ತಿ ಇದೆ ಎಂದು ಬೇರೆ ಗುಳಿಗೆ ಬರೆದರು. "ಈಗ ಏನು ತಗೋತೀರಿ?" ಎಂದು ಅವರು ಕೇಳಿದ್ದಾರೆ. ಅಜ್ಜಿ, "ಒಂದ ಬಿಳೀದು, ಒಂದ ಸಣ್ಣದು" ಅಂದಿದ್ದಾರೆ. ಹೊಸ ಗುಳಿಗೆಯ ಹೆಸರು ಬೇರೆ, ಬಣ್ಣ ಬೇರೆ. ಒಳಗಿನ ಔಷಧ ಮಾತ್ರ ಅದೇ ಗ್ಲಿಮೆಪಿರೈಡ್, ಅದೇ ಮೆಟ್‌ಫಾರ್ಮಿನ್, ಎರಡೂ ಕೂಡಿಸಿ ಒಂದೇ ಗುಳಿಗೆ ಮಾಡಿದ್ದು. ಅಜ್ಜಿ ಹಳೆಯದನ್ನೂ ತಗೊಂಡರು, ಹೊಸದನ್ನೂ ತಗೊಂಡರು. ಆಷಾಢ ಏಕಾದಶಿ ಬಂತು. ವಿಠ್ಠಲನ ಭಕ್ತೆ, ಉಪವಾಸ. ಊಟ ಬಿಟ್ಟರು, ಗುಳಿಗೆ ಬಿಡಲಿಲ್ಲ. ಬೆಳಗಿನ ಜಾವ ಮೈಯೆಲ್ಲ ಬೆವರು, ಕೈ ನಡುಗು, ಏನೇನೋ ಬಡಬಡಿಕೆ. ಮನೆಯವರು ಗಾಳಿ ಸೋಕಿದೆ ಎಂದು ತಿಳಿದು ನಿಂಬೆಹಣ್ಣು ಹುಡುಕುತ್ತಿದ್ದರು. ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಬಂದು, ಅಜ್ಜಿಗೆ ಇನ್ನೂ ನುಂಗಲು ಬರುತ್ತಿತ್ತು ಅಂತ ನೋಡಿಕೊಂಡು, ಸಕ್ಕರೆ ನೀರು ಕುಡಿಸಿದರು, ಆಮೇಲೆ ಗಾಡಿ ಮಾಡಿ ದವಾಖಾನೆಗೆ ಸಾಗಿಸಿದರು. ಅಜ್ಜಿ ಉಳಿದರು. (ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಇದನ್ನು ನೆನಪಿಡಿರಿ.)

ಇದರಲ್ಲಿ ನನ್ನ ತಪ್ಪೂ ಇದೆ. ಅದಕ್ಕೆ ಎಂಟು ದಿನ ಮೊದಲು ನಾನೇ ಆ ಮನೆಗೆ ಹೋಗಿದ್ದೆ. "ಅಜ್ಜೀ, ಡಾಕ್ಟರು ಕೊಟ್ಟ ಯಾವ ಗುಳಿಗಿನೂ ತಪ್ಪಸಬ್ಯಾಡ್ರಿ" ಎಂದು ಉಪದೇಶ ಮಾಡಿ ಚಹಾ ಕುಡಿದು ಬಂದೆ. ಚೀಲ ಎದುರಿಗೇ ತೂಗುತ್ತಿತ್ತು. ಬಿಚ್ಚಿ ನೋಡಲಿಲ್ಲ. ಸಮಾಜಕಾರ್ಯದಲ್ಲಿ ಎಂ.ಎ. ಮಾಡಿ, ಇಷ್ಟು ವರ್ಷ ಊರೂರು ತಿರುಗಿ, ನನಗೂ ಅದು ಹೊಳೆಯಲಿಲ್ಲ. ಅಂದಿನಿಂದ ಯಾವ ಮನೆಗೆ ಹೋದರೂ ಮೊದಲು ಚೀಲ ಕೇಳ್ತೀನಿ.

ಹಾಗಾದರೆ ಈಗ ಸರಕಾರದಲ್ಲಿ ಏನು ವ್ಯವಸ್ಥೆ ಇದೆ? ಆಶಾ ಅಕ್ಕ ಮನೆಗೆ ಬಂದು 30 ವರ್ಷ ದಾಟಿದವರ ಫಾರಂ ತುಂಬಿಸುತ್ತಾರಲ್ಲ, ತಂಬಾಕು ತಿಂತೀರೇನು, ಸೊಂಟದ ಸುತ್ತಳತೆ ಎಷ್ಟು ಎಂದೆಲ್ಲ ಕೇಳುತ್ತಾರಲ್ಲ, ಆ ಮಾಹಿತಿ ದೇಶದ ಒಂದು ಕಂಪ್ಯೂಟರ್ ದಾಖಲೆಗೆ ಹೋಗುತ್ತದೆ. ಬಿಪಿ, ಶುಗರ್ ಇದ್ದವರಿಗೆ ಪ್ರತಿ ಭೇಟಿಯಲ್ಲಿ ಎಷ್ಟಿತ್ತು, ಯಾವ ಗುಳಿಗೆ ಕೊಟ್ಟರು ಎಂಬುದನ್ನೂ ಅದರಲ್ಲಿ ಏರಿಸಬೇಕು. ಕೆಲವರು ಆಶಾ ಅಕ್ಕನಿಗೆ ಅವಸರದಲ್ಲಿ "ಏನೂ ಇಲ್ಲ, ಆರಾಮ ಅದೀವಿ" ಎಂದು ಹೇಳಿ ಕಳಿಸುತ್ತೀರಿ. ಹಾಗೆ ಮಾಡಬೇಡಿರಿ. ನಮ್ಮ ರಾಜ್ಯದಲ್ಲಿ 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ 'ಗೃಹ ಆರೋಗ್ಯ' ಯೋಜನೆ ಶುರುವಾಯಿತು, ಮುಂದೆ ಬೇರೆ ಜಿಲ್ಲೆಗಳಿಗೂ ತಂದರು. ಮನೆ ಬಾಗಿಲಿಗೆ ಬಂದು ತಪಾಸಣೆ ಮಾಡಿ ಬಿಪಿ, ಶುಗರಿಗೆ ಗುಳಿಗೆ ಕೊಡುವುದು ಅದರ ಉದ್ದೇಶ.

ಇನ್ನೊಂದು, 'ಆಭಾ' ನಂಬರು. 2021ರ ಸೆಪ್ಟೆಂಬರ್ 27ರಂದು ಕೇಂದ್ರ ಸರಕಾರ ಆಯುಷ್ಮಾನ್ ಭಾರತ ಡಿಜಿಟಲ್ ಮಿಷನ್ ಎಂಬುದನ್ನು ದೇಶಕ್ಕೆಲ್ಲ ಜಾರಿಗೆ ತಂದಿತು. ಅದರಲ್ಲಿ ಪ್ರತಿಯೊಬ್ಬರಿಗೆ 14 ಅಂಕಿಯ ಒಂದು ನಂಬರು ಸಿಗುತ್ತದೆ. ದುಡ್ಡು ಕೊಡಬೇಕಿಲ್ಲ. ಬಹಳ ಜನ ಇದನ್ನೂ 5 ಲಕ್ಷದ ಆಯುಷ್ಮಾನ್ ಕಾರ್ಡನ್ನೂ ಒಂದೇ ಎಂದು ತಿಳಿದಿದ್ದೀರಿ. ಒಂದೇ ಅಲ್ಲ. ಆ ಕಾರ್ಡು ದವಾಖಾನೆಯ ಬಿಲ್ಲಿಗೆ. ಈ ಆಭಾ ನಂಬರು ನಿಮ್ಮ ದಾಖಲೆ ಜೋಡಿಸುವುದಕ್ಕೆ. ನಮ್ಮ ಸಂಘದ ಭಾಷೆಯಲ್ಲಿ ಹೇಳಬೇಕೆಂದರೆ, ನಿಮ್ಮ ಬ್ಯಾಂಕ್ ಖಾತೆ ನಂಬರು ಇದ್ದಂತೆ. ಖಾತೆ ತೆರೆದ ಮಾತ್ರಕ್ಕೆ ಅದರಲ್ಲಿ ದುಡ್ಡು ಬರುವುದಿಲ್ಲ, ಯಾರಾದರೂ ಜಮಾ ಮಾಡಬೇಕು. ಹಾಗೆಯೇ ದವಾಖಾನೆಯವರು ಈ ವ್ಯವಸ್ಥೆಗೆ ಸೇರಿ ನಿಮ್ಮ ಚೀಟಿಯನ್ನು ಆ ನಂಬರಿಗೆ ಜೋಡಿಸಿದರೆ ಮಾತ್ರ ಅದು ನಿಮ್ಮ ಮೊಬೈಲಿನಲ್ಲಿ ಕಾಣುತ್ತದೆ. ಆಗ ಅಥಣಿಯಲ್ಲಿ ಬರೆದ ಗುಳಿಗೆ ಸಾಂಗಲಿಯ ಡಾಕ್ಟರಿಗೆ ತೋರಿಸಬಹುದು. ದೇಶಕ್ಕೆಲ್ಲ ಒಂದೇ ನಂಬರು, ರಾಜ್ಯದ ಗಡಿ ಅದಕ್ಕಿಲ್ಲ. ಎಲ್ಲ ದವಾಖಾನೆಗಳೂ ಇದಕ್ಕೆ ಸೇರಿಲ್ಲ. ಚಿಕ್ಕ ಖಾಸಗಿ ಕ್ಲಿನಿಕ್ಕುಗಳಲ್ಲಿ ಕೈಬರಹದ ಚೀಟಿಯೇ ಹೆಚ್ಚು. ಆದ್ದರಿಂದ ಚೀಟಿ ಬರೆಸುವಾಗ ನೀವೇ ಕೇಳಿರಿ, "ಸರ್, ಇದನ್ನ ನನ್ನ ಆಭಾ ನಂಬರಿಗೆ ಹಚ್ಚತೀರೇನ್ರಿ?" ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಮಾಡುತ್ತಾರೆ.

ಆಭಾ ಮಾಡಿಸುವಾಗ ಮೊಬೈಲ್ ನಂಬರು ಯಾರದು ಎಂಬುದು ಬಹಳ ಮುಖ್ಯ. ನಮ್ಮಲ್ಲಿ ಹೆಂಗಸರ ಆಧಾರಿಗೆ ಗಂಡನ ನಂಬರು, ಇಲ್ಲದಿದ್ದರೆ ಪುಣೆಯಲ್ಲಿ ಕೆಲಸಕ್ಕಿರುವ ಮಗನ ನಂಬರು ಹಚ್ಚಿರುತ್ತದೆ. ದವಾಖಾನೆಯ ಕೌಂಟರಿನಲ್ಲಿ ಓ.ಟಿ.ಪಿ. ಬೇಕು, ಅದು ಹೋಗುವುದು ಪುಣೆಗೆ! ಮಗ ಫ್ಯಾಕ್ಟರಿಯಲ್ಲಿ, ಫೋನು ಲಾಕರಿನಲ್ಲಿ. ಇದನ್ನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ಕೈಯಲ್ಲಿರುವ ನಂಬರನ್ನೇ ಹಚ್ಚಿಸಿರಿ. ಸಂಘದ ಅಧ್ಯಕ್ಷೆಯ ಫೋನಿನಲ್ಲಿ ಎಲ್ಲರದನ್ನೂ ಒಟ್ಟಿಗೆ ಮಾಡಿಬಿಡೋಣ ಎನ್ನುವ ಸಂಘಗಳೂ ಇವೆ. ಅದು ಬೇಡ.

ಯಾಕೆ ಬೇಡ ಅಂದರೆ, ಔಷಧದ ಹೆಸರು ಗೊತ್ತಾದರೆ ರೋಗದ ಹೆಸರು ಗೊತ್ತಾದ ಹಾಗೆ. ಒಬ್ಬಾಕೆ ಟಿ.ಬಿ. ಗುಳಿಗೆ ತಗೊಳ್ಳುತ್ತಿರಬಹುದು, ಒಬ್ಬಾಕೆ ಮನಸ್ಸಿನ ಕಾಯಿಲೆಗೆ, ಒಬ್ಬಾಕೆ ಮನೆಯವರಿಗೆ ಹೇಳದೆ ಮಕ್ಕಳಾಗದಂತೆ ಗುಳಿಗೆ ತಗೊಳ್ಳುತ್ತಿರಬಹುದು. ಅದು ಅವಳದು. ಆಭಾ ವ್ಯವಸ್ಥೆಯಲ್ಲಿ ದಾಖಲೆ ಆಯಾ ದವಾಖಾನೆಯಲ್ಲೇ ಇರುತ್ತದೆ. ಇನ್ನೊಬ್ಬ ಡಾಕ್ಟರು ನೋಡಬೇಕಾದರೆ ನಿಮ್ಮ ಒಪ್ಪಿಗೆ ಬೇಕು, ಎಷ್ಟು ದಿನದ ಮಟ್ಟಿಗೆ ಎಂದೂ ನೀವು ಹೇಳಬಹುದು, ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೂ ಪಡೆಯಬಹುದು. ಯಾರೋ ಫೋನ್ ಮಾಡಿ "ಆರೋಗ್ಯ ಇಲಾಖೆಯಿಂದ ಮಾತಾಡ್ತೀವಿ, ಓ.ಟಿ.ಪಿ. ಹೇಳ್ರಿ" ಎಂದರೆ ಇಟ್ಟುಬಿಡಿರಿ. ಇನ್ನೊಂದು ಮಾತು ಕಟುವಾದರೂ ಹೇಳುತ್ತೇನೆ. ಸದಸ್ಯೆಗೆ ಯಾವ ರೋಗ ಇದೆ ಎಂದು ನೋಡಿ ಸಾಲ ಕೊಡುವ, ಬಿಡುವ ಸಂಘ ನನಗೆ ಬೇಡ. ನಡಾವಳಿ ಪುಸ್ತಕದಲ್ಲಿ ಯಾರ ರೋಗವನ್ನೂ ಬರೆಯಬಾರದು.

ಸಂಘದ ಲೆಕ್ಕದಲ್ಲಿ ನಾವು ಏನು ಮಾಡುತ್ತೇವೆ? ಲೆಡ್ಜರಿನಲ್ಲಿ 500 ಇದ್ದು, ನಿಮ್ಮ ಪಾಸ್‌ಬುಕ್ಕಿನಲ್ಲಿ 400 ಇದ್ದರೆ ಸಭೆ ಬಿಟ್ಟು ಏಳುವುದಿಲ್ಲ. ಎರಡೂ ತಾಳೆ ಆಗಬೇಕು. ಗುಳಿಗೆಯದೂ ಹಾಗೆಯೇ. ಕಂಪ್ಯೂಟರಿನಲ್ಲಿ "ಕೊಟ್ಟಿದೆ" ಎಂದು ಬರೆದಿರುತ್ತದೆ. "ನುಂಗಿದ್ದಾರೆ" ಎಂದು ಅದಕ್ಕೆ ಗೊತ್ತಿಲ್ಲ. ಸರಕಾರಿ ಕೇಂದ್ರದಲ್ಲಿ ಆ ತಿಂಗಳು ಗುಳಿಗೆ ಮುಗಿದಿರುತ್ತದೆ, ನೀವು ಹೊರಗೆ ಮೆಡಿಕಲ್ ಅಂಗಡಿಯಲ್ಲಿ ಕೊಳ್ಳುತ್ತೀರಿ, ಅದು ದಾಖಲೆಗೆ ಬರುವುದಿಲ್ಲ. ಕಬ್ಬಿನ ಕೆಲಸ ಮಾಡಿ ಸೊಂಟ ಹಿಡಿದಾಗ ಅಂಗಡಿಯವನು ಕೊಟ್ಟ ನೋವಿನ ಗುಳಿಗೆ, ಡೈಕ್ಲೋಫಿನಾಕ್ ಮುಂತಾದವು, ಅದರಲ್ಲಿ ಇಲ್ಲ. ಅದನ್ನು ದಿನಾ ನುಂಗಿದರೆ ಬಿಪಿ ಏರುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಡಾಕ್ಟರು ದಾಖಲೆ ನೋಡಿ "ಗುಳಿಗೆ ಕೊಟ್ಟರೂ ಬಿಪಿ ಇಳಿದಿಲ್ಲ" ಎಂದು ಇನ್ನೊಂದು ಗುಳಿಗೆ ಹೆಚ್ಚು ಮಾಡುತ್ತಾರೆ. ಕಾರಣ ಚೀಲದಲ್ಲಿದೆ, ಕಂಪ್ಯೂಟರಿನಲ್ಲಿಲ್ಲ. ನಾಟಿ ಔಷಧ, ಕಷಾಯ ತಗೊಂಡರೂ ಹೇಳಿರಿ, ಬೈಯುತ್ತಾರೆಂದು ಮುಚ್ಚಿಡಬೇಡಿರಿ. ನಿಪ್ಪಾಣಿಯ ಬೀಡಿ, ತಂಬಾಕಿನ ಕೆಲಸದ ತಂಗಿಯರೇ, ನಿಮಗೊಂದು ವಿಶೇಷ ಮಾತು. ಟಿ.ಬಿ.ಗೆ ಕೊಡುವ ರಿಫಾಂಪಿಸಿನ್ ಎಂಬ ಔಷಧ ಮೂತ್ರವನ್ನು ಕಿತ್ತಳೆ ಬಣ್ಣ ಮಾಡುತ್ತದೆ, ಅದಕ್ಕೆ ಹೆದರಬೇಡಿರಿ. ಆದರೆ ಅದು ಮಕ್ಕಳಾಗದಂತೆ ತಗೊಳ್ಳುವ ಗುಳಿಗೆಯ ಬಲವನ್ನು ಕಡಿಮೆ ಮಾಡುತ್ತದೆ, ಕೆಲವು ಶುಗರ್ ಗುಳಿಗೆಗಳ ಬಲವನ್ನೂ ಇಳಿಸುತ್ತದೆ. ಎರಡೂ ಕಡೆಯ ಚೀಟಿ ಒಬ್ಬರೇ ನೋಡಿದಾಗ ಮಾತ್ರ ಇದು ಹೊಳೆಯುತ್ತದೆ.

ಆದ್ದರಿಂದ ಮೊಬೈಲ್ ದಾಖಲೆ ಬರಲಿ, ಅದರ ಜೊತೆಗೆ ನಿಮ್ಮದೊಂದು ಸ್ವಂತ ಲೆಕ್ಕವೂ ಇರಲಿ. ಮಕ್ಕಳ ಹಳೆಯ ನೋಟುಬುಕ್ಕು ಸಾಕು. ಗುಳಿಗೆಯ ಸ್ಟ್ರಿಪ್ಪಿನ ಮೇಲೆ ಕಂಪನಿ ಇಟ್ಟ ಹೆಸರು ಇರುತ್ತದೆ. ಅದರ ಜೊತೆಗೆ ನಿಜವಾದ ಔಷಧದ ಹೆಸರು ಮತ್ತು ಎಷ್ಟು ಮಿಲಿಗ್ರಾಂ ಎಂಬುದೂ ಇರುತ್ತದೆ. ಆ ಔಷಧದ ಹೆಸರನ್ನು, ಮಿಲಿಗ್ರಾಂ ಎಷ್ಟು ಎಂಬುದನ್ನು ಶಾಲೆಗೆ ಹೋಗುವ ಮಗಳಿಂದ ಓದಿಸಿ ಬರೆಸಿಕೊಳ್ಳಿರಿ. ಯಾರು ಬರೆದರು, ಯಾವ ತಾರೀಖು, ಬೆಳಿಗ್ಗೆಯೋ ರಾತ್ರಿಯೋ, ಊಟದ ಮೊದಲೋ ನಂತರವೋ. ಇನ್ನೊಂದು ಮನೆ ಮಾಡಿರಿ, 'ನಿಲ್ಲಿಸಿದ ತಾರೀಖು' ಎಂದು. ನನ್ನ ಅನುಭವದಲ್ಲಿ ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ಡಾಕ್ಟರು ಬದಲಿಸಿದ ಮೇಲೂ ಹಳೆಯ ಗುಳಿಗೆ ಚೀಲದಲ್ಲಿ ಉಳಿದು, ಆ ಅಜ್ಜಿಗೆ ಆದಂತೆ ಹೊಟ್ಟೆಗೆ ಹೋಗುತ್ತದೆ. ಬರೆಯಲು ಬಾರದಿದ್ದರೆ ಚೀಟಿಯ ಫೋಟೋ, ಸ್ಟ್ರಿಪ್ಪಿನ ಫೋಟೋ ತೆಗೆದು ಮಗಳ ಫೋನಿಗೂ ಕಳಿಸಿಡಿರಿ. ಮಳೆಗಾಲದ ಮೊದಲು ಹೊಳೆದಂಡೆಯವರು ಇದನ್ನು ತಪ್ಪದೆ ಮಾಡಿರಿ.

ಚೀಟಿಯ ಅಕ್ಷರ ತಿಳಿಯದಿದ್ದರೆ ಕೇಳಲು ನಾಚಬೇಡಿರಿ. ಡಾಕ್ಟರರಿಗಾಗಿ ಇರುವ ನಿಯಮವನ್ನು 2016ರಲ್ಲಿ ತಿದ್ದಿ, ಔಷಧದ ಮೂಲ ಹೆಸರನ್ನು ಸ್ಪಷ್ಟವಾಗಿ, ಆದಷ್ಟು ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಬರೆಯಬೇಕೆಂದು ಹೇಳಲಾಗಿದೆ. ರೋಗಿ ತನ್ನ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂಬುದು 2002ರ ನಿಯಮಾವಳಿಯಲ್ಲೇ ಇದೆ. ಜಗಳ ಮಾಡಬೇಕಿಲ್ಲ. ಬ್ಯಾಂಕ್ ಮ್ಯಾನೇಜರರ ಎದುರು ಕುಳಿತು ಸಾಲ ಕೇಳಿದ ಹೆಣ್ಣುಮಕ್ಕಳು ನೀವು, ಒಂದು ಕಾಗದದ ನಕಲು ಕೇಳಲು ಎಷ್ಟು ಹೊತ್ತು?

ಇಷ್ಟು ಕೇಳಿದ ಮೇಲೆ ಮನೆಗೆ ಹೋಗಿ, "ಸಿಸ್ಟರ್ ಹೇಳ್ಯಾರ" ಎಂದು ಯಾವುದಾದರೂ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಿಬಿಟ್ಟೀರಿ! ಹಾಗೆ ಮಾಡಬೇಡಿರಿ. ನಿಲ್ಲಿಸುವುದು, ಬದಲಿಸುವುದು ಡಾಕ್ಟರರ ಕೆಲಸ. ಎಲ್ಲವನ್ನೂ ಅವರ ಮೇಜಿನ ಮೇಲೆ ಸುರಿದು ತೋರಿಸುವುದು ನಮ್ಮ ಕೆಲಸ.

ಮುಂದಿನ ತಿಂಗಳ ಸಭೆಗೆ ಬರುವಾಗ ಪ್ರತಿಯೊಬ್ಬರೂ ಮನೆಯ ಚೀಲ ತರಬೇಕು. ಅತ್ತೆ-ಮಾವನದು, ಗಂಡನದು, ನಿಮ್ಮದು. ನಿಮ್ಮ ಊರಿನ ಆರೋಗ್ಯ ಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯನ್ನೂ ಆಶಾ ಅಕ್ಕನನ್ನೂ ಸಂಘದಿಂದಲೇ ಕರೆಯಿರಿ. ಚೀಲವನ್ನು ಸಭೆಯ ಮಧ್ಯೆ ಬಿಚ್ಚುವುದು ಬೇಡ, ಒಬ್ಬೊಬ್ಬರೇ ಪಕ್ಕದ ಕೋಣೆಗೆ ಹೋಗಿ ತೋರಿಸಿರಿ. ಅವಧಿ ಮುಗಿದ ಗುಳಿಗೆ ಬೇರೆ ತೆಗೆಸಿರಿ, ಒಂದೇ ಔಷಧ ಎರಡು ಹೆಸರಿನಲ್ಲಿ ಇದೆಯೇನು ಕೇಳಿರಿ, ಅವರ ಮೊಬೈಲಿನಲ್ಲಿ ನಿಮ್ಮ ಹೆಸರಿನ ಮುಂದೆ ಏನು ಬರೆದಿದೆ ಎಂದು ಓದಿಸಿಕೊಂಡು ನಿಮ್ಮ ನೋಟುಬುಕ್ಕಿನ ಜೊತೆ ತಾಳೆ ನೋಡಿರಿ. ಆಧಾರ್ ಕಾರ್ಡು ಮತ್ತು ಅದಕ್ಕೆ ಹಚ್ಚಿದ ನಂಬರಿನ ಫೋನು ಜೊತೆಗಿರಲಿ. ನಾನು ನನ್ನ ಚೀಲವನ್ನೂ ತರ್ತೀನಿ. ನನಗೂ ಬಿಪಿ ಐತಿ.